ಅಪ್ಪನನ್ನು ಕೇಳದೇ ಉಳಿದದ್ದು: ಲಿವಿಂಗ್ ವಿಲ್ ಬರೆದಿಡುವುದು ಹೇಗೆ

ಅಪ್ಪ ಐಸಿಯುನಲ್ಲಿ 19 ದಿನ ವೆಂಟಿಲೇಟರ್ ಮೇಲಿದ್ದರು. ಮಿದುಳಲ್ಲಿ ರಕ್ತಸ್ರಾವ. "ಅವರ ಇಷ್ಟ ಏನಿತ್ತು?" ಅಂತ ಡಾಕ್ಟರ್ ಕೇಳಿದಾಗ ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ತಿಪಟೂರಿನ ಮನೆ ನಮ್ಮದು. ತೋಟ, ಕೊಬ್ಬರಿ ರೇಟು ದಿನವೂ ಮಾತಾಡಿದ್ದೇವೆ. ಇದೊಂದನ್ನು ಕೇಳಿರಲಿಲ್ಲ. "ಇನ್ನು ಸಾಕು" ಎಂದ ತಮ್ಮನ ಜೊತೆ ಚಿಕ್ಕಪ್ಪ ಮಾತು ಬಿಟ್ಟರು.

ಅದಕ್ಕೇ ನನ್ನ ಲಿವಿಂಗ್ ವಿಲ್ ನಾನು ಬರೆದಿಟ್ಟಿದ್ದೇನೆ. ನೀವೂ ಬರೆಯಿರಿ.

ಇಂಜೆಕ್ಷನ್ ಕೊಟ್ಟು ಸಾಯಿಸಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಲಿವಿಂಗ್ ವಿಲ್ ಅಂದರೆ ಅದಲ್ಲ, ಬೇರೆ. ವಾಸಿಯಾಗುವ ದಾರಿಯೇ ಇಲ್ಲದಾಗ ಜೀವ ಹಿಡಿದಿಟ್ಟ ಯಂತ್ರ ತೆಗೆಯಿರಿ, ಅಥವಾ ಹಾಕಲೇಬೇಡಿ ಎಂದು ಮೊದಲೇ ಬರೆದಿಡುವುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಿಂದ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಮುಂದೆ ಸಹಿ ಆದರೆ ಸಾಕು. ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿ ಮಾಡಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

"ನೆಮ್ಮದಿಯಾಗಿ ಕಳಿಸಿಕೊಡಿ" ಅಂತ ಸುಮ್ನೆ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಹೃದಯ ನಿಂತಾಗ ಎದೆ ಒತ್ತುವುದು, ಊಟ ಹಾಕುವ ಮೂಗಿನ ನಳಿಗೆ, ಒಂದೊಂದಕ್ಕೂ ಬೇಕೋ ಬೇಡವೋ ಬರೆಯಿರಿ. ಯಾವ ಸ್ಥಿತಿಯಲ್ಲಿ ಅನ್ನುವುದೂ ಇರಲಿ. ನಮ್ಮ ಮನೆ ಡಾಕ್ಟರ್ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ಆದರೂ ನಳಿಗೆಯ ಸಾಲನ್ನು ಮೂರು ಸಲ ಹೊಡೆದುಹಾಕಿದೆ. ನನಗೆ ಊಟ ಕೊಡಬೇಡ ಅಂತ ಹೆತ್ತ ಮಗಳಿಗೆ ಹೇಗೆ ಬರೆಯುವುದು, ಅಲ್ವಾ? ಕೊನೆಗೆ ಬರೆದೆ. ನೋವು ಕಡಿಮೆ ಮಾಡುವ ಔಷಧ ಮಾತ್ರ ಕೊನೆವರೆಗೂ ಕೊಡಿ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದೆ. ನೀವೂ ಮರೆಯಬೇಡಿ.

ನಿಮಗೆ ಮಾತು ನಿಂತಾಗ ನಿಮ್ಮ ಪರ ಮಾತಾಡುವವರ ಹೆಸರು ಬೇಕು, ಒಬ್ಬರಿಗಿಂತ ಜಾಸ್ತಿ. ಹಿರಿಮಗ ಅಂತ ಲೆಕ್ಕ ನೋಡಬೇಡಿ. ಅತ್ತುಕೊಂಡಾದರೂ ನಿಮ್ಮ ಮಾತು ನಡೆಸುವವರನ್ನು ಹುಡುಕಿ. ನಾನು ಮಗಳನ್ನೂ ತಮ್ಮನನ್ನೂ ಬರೆದೆ. ಇಬ್ಬರು ಸಾಕ್ಷಿಗಳು ಬೇಕು. ಅವರು ಸಂಬಂಧಿಕರಲ್ಲದಿದ್ದರೆ ಒಳ್ಳೆಯದು.

ಈ ಹಾಳೆ ತೋರಿಸಿದ ಕೂಡಲೇ ಯಂತ್ರ ತೆಗೆದುಬಿಡುತ್ತಾರೆ ಅಂತ ಹೆದರಬೇಡಿ. ಚಿಕಿತ್ಸೆ ಕೊಡುವ ಡಾಕ್ಟರ್ ಸೇರಿ ಮೂವರು ಮೊದಲು ನೋಡುತ್ತಾರೆ. ಆಮೇಲೆ ಬೇರೆ ಮೂವರು. ನೀವು ಹೆಸರಿಸಿದವರ ಒಪ್ಪಿಗೆಯೂ ಬೇಕು. ಮ್ಯಾಜಿಸ್ಟ್ರೇಟರಿಗೂ ತಿಳಿಸುತ್ತಾರೆ. ನಿಮ್ಮ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಸಹಿ ಆದ ಮೇಲೆ ಮನೆಯವರನ್ನೆಲ್ಲ ಕೂರಿಸಿ ಓದಿ ಹೇಳಿ. ಇದನ್ನು ಬಿಡಲೇಬೇಡಿ. ನಾನು ಚಿಕ್ಕಪ್ಪನನ್ನೂ ಕರೆದಿದ್ದೆ. ಪೂರ್ತಿ ಕೇಳಿ ಕಾಫಿ ಲೋಟ ಕೆಳಗಿಟ್ಟರು. "ಅಣ್ಣ ಇಷ್ಟು ಬರೆದಿಟ್ಟಿದ್ರೆ ಆಗಿತ್ತು ಕಣೋ" ಅಂತ ತಮ್ಮನಿಗೆ ಹೇಳಿದರು.

ಒಂದು ಪ್ರತಿ ಮನೆ ಡಾಕ್ಟರಿಗೆ, ಇನ್ನೊಂದು ನಗರಸಭೆಗೋ ಪಂಚಾಯಿತಿಗೋ ಕೊಡಿ. ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ, ರಾತ್ರಿ ಎರಡು ಗಂಟೆಗೆ ಅದನ್ನು ಯಾರು ತೆಗೆಯುತ್ತಾರೆ? ನನ್ನದು ಬೀರುವಿನಲ್ಲಿ, ರೇಷನ್ ಕಾರ್ಡ್ ಇರುವ ಕವರಿನಲ್ಲೇ ಇದೆ.