ಮಳೆಗಾಲದಲ್ಲೇ ಒಣಗಿದ ಕಾಫಿ ಊರುಗೋಲು

ಕಳೆದ ವರ್ಷ ನೀರಿಗೆ ಹಾಕಿದ್ದು 200 ಚಿಲ್ಲರೆ ಕೋಲು, ಬಿರುಕಿಲ್ಲದೆ ಕೈಗೆ ಬಂದದ್ದು 170ರ ಹತ್ತಿರ. ಕಾಫಿ ಮರದಲ್ಲಿ ಊರುಗೋಲು ಮಾಡುವವರಿಗೆ ಈ ಲೆಕ್ಕ ಎಷ್ಟು ಒಳ್ಳೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ. "ತೀರ್ಥಹಳ್ಳಿ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಮರ ಒಣಗಿಸ್ತೀರಾ ಮಾರಾಯ್ರೆ?" ಎಂದು ನಕ್ಕವರಲ್ಲೇ ಇಬ್ಬರು ಈಗ ಫೋನ್ ಮಾಡಿ ಮಳೆಗಾಲದಲ್ಲಿ ಕೋಲು ಒಣಗಿಸುವ ವಿಧಾನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದುಬಿಡುತ್ತೇನೆ. ತೂಕ, ದುಡ್ಡು ಎಲ್ಲ ನೆನಪಿನ ಲೆಕ್ಕ, ತುಸು ಹೆಚ್ಚುಕಮ್ಮಿ ಇದ್ದೀತು.

ನಮಗೆ ತೊಂದರೆ ಕೊಡುವುದು ಕಾಲವೇ. ರೋಬಸ್ಟಾ ಕೊಯ್ಲು ಮುಗಿಸಿ ತೋಟದವರು ಹಳೇ ಗಿಡ ಕೀಳುವುದು ಮಾರ್ಚ್-ಏಪ್ರಿಲ್‌ನಲ್ಲಿ. ಬಿಸಿಲೂ ಒಣಗಾಳಿಯೂ ಜೋರಾಗಿರುವ ಹೊತ್ತು. ಅದರ ಕಾಂಡದ ಕೋಲನ್ನು ಕೊಟ್ಟಿಗೆಯ ನೆರಳಲ್ಲಿಟ್ಟರೂ ನಾಲ್ಕೈದು ದಿನಕ್ಕೆ ತುದಿ ಸೀಳುತ್ತದೆ. ದುಂಡು ಕೋಲಿನ ನಡುವೆ ತಿರುಳು ಇದ್ದೇ ಇರುತ್ತದೆ. ಸುತ್ತಳತೆಯ ಕಡೆ ಕುಗ್ಗುವುದು ತಿರುಳಿನ ಕಡೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಒಳಗೆ ಹಸಿ ಇರುವಾಗಲೇ ಹೊರಮೈ ಬಿಗಿದುಕೊಂಡರೆ ಎಲ್ಲಾದರೊಂದು ಕಡೆ ಬಾಯಿ ಬಿಡುತ್ತದೆ.

ಮೊದಲ ವರ್ಷ 120 ಕೋಲು, ಒಂದಕ್ಕೆ 12 ರೂಪಾಯಿ, ಪಿಕಪ್ ಬಾಡಿಗೆ 1,500. ಹತ್ತಿರ ಹತ್ತಿರ 3,000 ಹಾಕಿ ಉಳಿದದ್ದು 30 ಕೋಲು. ಎರಡನೇ ವರ್ಷ ತುದಿಗೆ ಸಗಣಿ-ಮಣ್ಣು ಮೆತ್ತಿದೆ. ಅದು ಒಣಗಿ ಚಕ್ಕೆ ಎದ್ದು ಉದುರಿತು, ಕೋಲು ಹಿಂದಿನಂತೆಯೇ ಸೀಳಿತು. ಅದೇ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಕಿತ್ತ ಅರೇಬಿಕಾ ಗಿಡ ತಂದದ್ದು ಇನ್ನೂ ದೊಡ್ಡ ತಪ್ಪು. ಬಿಳಿ ಕಾಂಡಕೊರಕ ಹೊಕ್ಕಿದ್ದಕ್ಕೇ ಅವನ್ನು ಕಿತ್ತದ್ದು. ಕಡಿದ ಮೇಲೂ ಒಳಗಿನ ಹುಳು ಸಾಯುವುದಿಲ್ಲ, ದೀಪಾವಳಿ ಹೊತ್ತಿಗೆ ಕೋಲು ಕೊರೆದು ದುಂಬಿಯಾಗಿ ಹೊರಬಂತು. ಅಂಥ ಗಿಡ ತೋಟದಲ್ಲೇ ಸುಡಬೇಕು, ಬಿಟ್ಟಿ ಕೊಟ್ಟರೂ ತರಬೇಡಿ. ಅಲ್ಲಿಂದೀಚೆಗೆ ನನ್ನದು ರೋಬಸ್ಟಾ ಮಾತ್ರ. ಬೇರು-ಕಾಂಡ ಸೇರುವ ಬುಡದ ಗಂಟಿನ ಸಮೇತ ಕೀಳಿಸಿಕೊಳ್ಳುತ್ತೇನೆ. ಹಿಡಿಗೆ ಅದರಷ್ಟು ಚೆಂದದ್ದು ಕೆತ್ತಿ ಬರುವುದಿಲ್ಲ.

ಈಗಿನ ಕ್ರಮ ಹೀಗೆ: ಬೇಸಗೆಯಲ್ಲಿ ಒಣಗಲು ಬಿಡುವುದೇ ಇಲ್ಲ. ಕಿತ್ತ ದಿನವೇ ಸಿಪ್ಪೆ ಸಮೇತ ಹಳ್ಳದ ಕಟ್ಟದಲ್ಲಿ ಮುಳುಗಿಸಿ, ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಅಡ್ಡ ಹಾಕಿ ಕಲ್ಲು ಹೇರುತ್ತೇನೆ. ಹಸಿ ರೋಬಸ್ಟಾ ಅರ್ಧ ತೇಲುತ್ತದೆ. ನೀರಿನಿಂದ ನಾಲ್ಕು ಬೆರಳು ಮೇಲೆ ಉಳಿದ ಭಾಗಕ್ಕೆ ನೀಲಿ-ಕಪ್ಪು ಕಲೆ ಹಿಡಿದರೆ ಉಜ್ಜಿದರೂ ಹೋಗದು. ಕಟ್ಟುವುದಕ್ಕೆ ತೆಂಗಿನ ಹುರಿಯೇ ಆಗಬೇಕು. ಒಮ್ಮೆ ಸೆಂಟ್ರಿಂಗ್‌ನವರ ಬೈಂಡಿಂಗ್ ವೈರ್ ಬಿಗಿದಿದ್ದೆ, ಮರದ ಚೊಗರಿಗೆ (ಒಗರು ರಸಕ್ಕೆ) ಕಬ್ಬಿಣ ತಾಗಿ ಪ್ರತಿ ಕೋಲಿಗೂ ಕಾಡಿಗೆಯಂಥ ಬಳೆ ಮೂಡಿತು. ನಿಂತ ನೀರಾದರೆ ಹದಿನೈದು ದಿನಕ್ಕೆ ನಾತ ಹೊಡೆಯುತ್ತದೆ, ಸಣ್ಣಗಾದರೂ ಹರಿಯುತ್ತಿರಬೇಕು. ಎರಡು ತಿಂಗಳು ನೆನೆದರೆ ಮರದೊಳಗಿನ ಸಿಹಿ ಸಾಕಷ್ಟು ಬಸಿದು ಹೋಗುತ್ತದೆ, ಆಮೇಲೆ ಕುಟ್ಟೆ (ಮರ ಕೊರೆದು ಪುಡಿ ಮಾಡುವ ಹುಳು) ಹಿಡಿಯುವುದು ಕಮ್ಮಿ. ಬಿದಿರಿಗೆ ನಮ್ಮ ಹಿರಿಯರು ಮಾಡುತ್ತಿದ್ದದ್ದೇ ಇದು, ನನ್ನ ಬುದ್ಧಿವಂತಿಕೆಯೇನಲ್ಲ. ನೀರಿನಲ್ಲಿರುವ ಕೊನೆಯ ಎಂಟು ದಿನ ಮಾತ್ರ ಒಂದು ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಮೃಗಶಿರ ಮಳೆ (ಜೂನ್) ಸರಿಯಾಗಿ ಹಿಡಿದ ಮೇಲೆ ನೀರಿಂದ ತೆಗೆಯುವುದು. ಆಗ ಸಿಪ್ಪೆ ಗೋಣಿತಾಟಿನಲ್ಲಿ ಉಜ್ಜಿದರೆ ಬಾಳೆಹಣ್ಣಿನ ಸಿಪ್ಪೆಯಂತೆ ಜಾರುತ್ತದೆ, ಕತ್ತಿ ಬೇಡ. ಸಿಪ್ಪೆ ತೆಗೆದ ದಿನವೇ ಬೋರಿಕ್-ಬೋರಾಕ್ಸ್ ನೀರಿಗೆ: 10 ಲೀಟರಿಗೆ ಬೋರಿಕ್ ಆಸಿಡ್ 200 ಗ್ರಾಂ, ಬೋರಾಕ್ಸ್ 300 ಗ್ರಾಂ, ಬಿಸಿನೀರಿನಲ್ಲಿ ಕರಗಿಸಿ, ನಾಲ್ಕು ದಿನ. ಮರ ಹಸಿಯಿದ್ದಾಗಲೇ ಇದು ಒಳಗೆ ಇಳಿಯುತ್ತದೆ. ಒಣಗಿದ ಮೇಲೆ ಬಳಿದರೆ ಮೇಲ್ಮೈಗಷ್ಟೇ. ಮಳೆನೀರು ತಾಗಿದರೆ ತೊಳೆದು ಹೋಗುತ್ತದೆ, ಎರಚಲು ಬರುವ ಕಡೆ ಇಡಬೇಡಿ.

ಆಮೇಲೆ ಮೇಣ. ತುದಿಗೆ ಎರಡು ಇಂಚು, ಬುಡದ ಗಂಟು ಮಾತ್ರ ಪೂರ್ತಿ ಮುಳುಗಬೇಕು. ಕೋಲು ಒಣಗಿದರೂ ಗಂಟಿನೊಳಗೆ ಹಸಿ ಉಳಿದಿರುತ್ತದೆ, ಎರಡೂ ಸೇರುವ ಕುತ್ತಿಗೆಯಲ್ಲೇ ಮೊದಲು ಕೂದಲೆಳೆ ಬಿರುಕು ಕಾಣುವುದು. ಕುತ್ತಿಗೆಯ ಕೆಳಗೂ ಒಂದು ಗೇಣು ಮೇಣ ಇಳಿಸಿದ ಮೇಲೆ ಆ ಕಾಟ ನಿಂತಿತು. ಮೇಣದಬತ್ತಿಯ ಮೇಣ ಸಾಕು, 200 ಕೋಲಿಗೆ ಮೂರು ಕಿಲೋ ಹಿಡಿಯಿತು. ಫೆವಿಕಾಲ್ ಎರಡು ಕೋಟು ಹೊಡೆದೂ ನೋಡಿದ್ದೇನೆ, ತುದಿಗೆ ಪರವಾಗಿಲ್ಲ, ಗಂಟಿಗೆ ಸಾಲದು.

ಇನ್ನು ಒಣಗಿಸುವುದು. ಕೊಟ್ಟಿಗೆ ಅಟ್ಟದಲ್ಲಿ ದಬ್ಬೆಯ ಮೇಲೆ ಮಲಗಿಸಿ, ಕೋಲಿಂದ ಕೋಲಿಗೆ ಎರಡು ಬೆರಳು ಸಂದು. ಗೋಡೆಗೆ ಒರಗಿಸಿದರೆ ಬಿಲ್ಲಾಗುತ್ತದೆ. ಹೊರಗೆ ಮಳೆ ಹೊಯ್ಯುವಾಗ ಗಾಳಿಯಲ್ಲೇ ತೇವ ತುಂಬಿರುವುದರಿಂದ ಕೋಲಿನ ನೀರು ಅವಸರ ಮಾಡದೆ ಬಿಡುತ್ತದೆ. ಬೇಸಗೆಯಲ್ಲಿ ಗೋಣಿ ಹೊದೆಸಿ, ನೀರು ಚಿಮುಕಿಸಿ ತರಲು ಹೆಣಗಾಡುವ ಹದವನ್ನು ಆರಿದ್ರೆ, ಪುನರ್ವಸು ಮಳೆಗಳು ಪುಕ್ಕಟೆ ಕೊಡುತ್ತವೆ. ಬೂಷ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಬಿಳಿ ಬೂಷ್ಟಿಗೆ ಹೆದರಬೇಡಿ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು. ಕಪ್ಪು ಚುಕ್ಕೆ ಕಂಡರೆ ಗಾಳಿಯಾಡುತ್ತಿಲ್ಲವೆಂದೇ ಅರ್ಥ. ಹಳೇ ಟೇಬಲ್ ಫ್ಯಾನ್ ದಿನಕ್ಕೆ ಎರಡು ತಾಸು ಹಾಕುತ್ತೇನೆ, ಕರೆಂಟು ಇದ್ದರೆ.

ನೆಟ್ಟಗೆ ಮಾಡುವುದೂ ಈ ಅವಧಿಯಲ್ಲೇ. ಪುಷ್ಯ ಮಳೆ (ಜುಲೈ ಕೊನೆ) ಹೊತ್ತಿಗೆ ಕೋಲು ಇನ್ನೂ ಬಾಗುವ ಹದದಲ್ಲಿರುತ್ತದೆ. ಹಬೆ ಹಿಡಿಸಿ (ಇಂಚು ದಪ್ಪಕ್ಕೆ ಒಂದು ಗಂಟೆ) ನೇರ ಅಡಿಕೆ ದಬ್ಬೆಗೆ ನಾಲ್ಕು ಕಡೆ ಬಿಗಿಯಬೇಕು. ಕೋಲು ಕುಗ್ಗಿದಂತೆ ಕಟ್ಟು ಸಡಿಲವಾಗುತ್ತದೆ. ಎಂಟು ದಿನಕ್ಕೊಮ್ಮೆ ಮತ್ತೆ ಬಿಗಿಯದಿದ್ದರೆ ಮೊದಲಿನ ಡೊಂಕಿಗೇ ವಾಪಸು.

ಒಣಗಿತೋ ಇಲ್ಲವೋ ತಿಳಿಯಲು 1,800 ಕೊಟ್ಟು ಎರಡು ಸೂಜಿಯ ಮೀಟರ್ ತರಿಸಿದ್ದೆ. ದುಡ್ಡು ದಂಡ. ಒಂದೇ ಕೋಲಿನಲ್ಲಿ ಎರಡು ಕಡೆ ಚುಚ್ಚಿದರೆ ನಾಲ್ಕೈದು ಅಂಕ ವ್ಯತ್ಯಾಸ, ಬೋರಾಕ್ಸ್ ಇಳಿದ ಮರದಲ್ಲಿ ಇನ್ನೂ ತಪ್ಪು. ಅಡುಗೆಮನೆಯ ತಕ್ಕಡಿಯೇ ವಾಸಿ. ಐದು ಕೋಲಿಗೆ ನಂಬರ್ ಬರೆದು ಪ್ರತಿ ಭಾನುವಾರ ತೂಗುತ್ತೇನೆ. ಮೂರೂಕಾಲು ಅಡಿ ಉದ್ದ, ಇಂಚೂಕಾಲು ದಪ್ಪದ ಕೋಲು ನೀರಿಂದ ತೆಗೆದಾಗ 760 ಗ್ರಾಂ ಇತ್ತು. ಆಶ್ಲೇಷ ಮಳೆ ಮುಗಿದಾಗ (ಆಗಸ್ಟ್ ನಡುವೆ) 560, ಹಸ್ತ ಮಳೆ ಕೊನೆಗೆ (ಅಕ್ಟೋಬರ್) 515. ಅದೇ ಅಳತೆಯ ಒಂದನ್ನು ತುಂಡರಿಸಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟಾಗ 430 ಬಂತು. ಅಂದರೆ 515ಕ್ಕೆ ಇನ್ನೂ ಶೇ. 20 ನೀರು. ಕೊಟ್ಟಿಗೆಯಲ್ಲಿ ಎಷ್ಟು ತಿಂಗಳಿಟ್ಟರೂ ಮಲೆನಾಡ ಮಳೆಯಲ್ಲಿ ಇದಕ್ಕಿಂತ ಕೆಳಗೆ ಇಳಿಯುವುದು ಕಷ್ಟ.

ಇಲ್ಲೇ ನಾನು ಒಮ್ಮೆ ಮುಗ್ಗರಿಸಿದ್ದು. ಇಲ್ಲಿಗೆ ಒಣಗಿದ್ದು ಬಯಲುಸೀಮೆಗೆ ಹಸಿಯೇ. ಬಳ್ಳಾರಿ ಕಡೆಗೆ 25 ಕೋಲು ಕಳಿಸಿದ್ದೆ, ಯುಗಾದಿ ಹೊತ್ತಿಗೆ ಹಿತ್ತಾಳೆ ಬಳೆ ಕಳಚಿ ಕೆಳಗೆ ಬಿತ್ತಂತೆ, ಏಳೆಂಟಕ್ಕೆ ಹಿಡಿಯೇ ಸೀಳಿತು. ಒಂದಕ್ಕೆ 550ರಂತೆ ದುಡ್ಡು ವಾಪಸ್ ಕೊಟ್ಟೆ, ಲಾರಿ ಬಾಡಿಗೆಯೂ ನನ್ನ ತಲೆಗೇ.

ಹಾಗಾಗಿ ಕೊನೆಯ ಹಂತ ಬಚ್ಚಲು ಅಟ್ಟ. ಹಂಡೆ ಒಲೆಯಿಂದ ಆರಡಿ ಮೇಲೆ, ದಿನಾ ಎರಡು ಹೊತ್ತು ಬೆಂಕಿ. ಮೊದಲ ಹದಿನೈದು ದಿನ ಒಲೆಯಿಂದ ದೂರದ ಮೂಲೆ, ಆಮೇಲೆ ಹತ್ತಿರ; ವಾರಕ್ಕೊಮ್ಮೆ ತಲೆ-ಬುಡ ತಿರುಗಿಸಬೇಕು. ತಿರುಗಿಸುವಾಗ ಗಂಟಿನ ಮೇಣ ಕರಗಿದೆಯೋ ನೋಡಿ, ಕರಗಿದ್ದರೆ ಆ ಜಾಗ ಜಾಸ್ತಿ ಬಿಸಿ. 40 ಡಿಗ್ರಿ ಆಸುಪಾಸು ಇದ್ದರೆ ಸಾಕು. ಒಂದೂವರೆ ತಿಂಗಳಲ್ಲಿ 515 ಇದ್ದದ್ದು 475ಕ್ಕೆ ಬಂತು. ಮೂರು ಭಾನುವಾರ ತೂಕ ಅಲುಗದಿದ್ದರೆ ಇಳಿಸಬಹುದು. ಎರಡು ಕೋಲು ತಾಗಿಸಿದರೆ ಧಬ್ ಎನ್ನುತ್ತಿದ್ದದ್ದು ಟಣ್ ಎನ್ನಬೇಕು. ಅಡಿಕೆ ಬೇಯಿಸುವ ಒಲೆಯ ಮೇಲೆ ಮಾತ್ರ ಇಡಬೇಡಿ. ಕೊಯ್ಲಿನ ಕಾಲದಲ್ಲಿ ಅದು ಹಗಲೂ ರಾತ್ರಿ ಉರಿಯುತ್ತದೆ. ಒಂದೇ ರಾತ್ರಿಯಲ್ಲಿ 40 ಕೋಲು ಚಟಚಟ ಸಿಡಿದದ್ದು ಜಗುಲಿಗೇ ಕೇಳಿತ್ತು.

ಅಡಿಕೆಯ ಮಾತು ಬಂದದ್ದರಿಂದ ಇದೊಂದು ಹೇಳುತ್ತೇನೆ. ಬೈಂಡಿಂಗ್ ವೈರ್ ಕಲೆ ನೋಡಿಯೇ ಹೊಳೆದದ್ದು: ಒಣಗಿದ ಕೋಲಿಗೆ ಅಡಿಕೆ ಬೇಯಿಸಿದ ಚೊಗರು ಮೂರು ಕೈ ಬಳಿದು, ಆರಿದ ಮೇಲೆ ತುಕ್ಕು ಮೊಳೆ ವಾರ ನೆನೆಸಿದ ವಿನೆಗರ್ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಬರೀ ಚೊಗರಾದರೆ ಕೆಂಪು ಕಂದು, ಅದೂ ಚೆನ್ನ. ಕಪ್ಪು ಕೋಲಿಗೆ 100 ರೂಪಾಯಿ ಹೆಚ್ಚು ಕೊಡುತ್ತಾರೆ. ಹುಳಿ ಮಜ್ಜಿಗೆಯಲ್ಲೂ ಮೊಳೆ ನೆನೆಸಿ ನೋಡಿದೆ. ಬಣ್ಣವೇನೋ ಬಂತು, ನಾತ ಹೋಗಲಿಲ್ಲ.

ಅಟ್ಟದ ಇಲ್ಲಣವನ್ನು (ಹೊಗೆಮಸಿಯನ್ನು) ಗಾಜಿನ ಚೂರಿನಲ್ಲಿ ಹೆರೆದು, ಕುದಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಮೂರು ಕೈ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ಹಿತ್ತಾಳೆ ಬಳೆ, ರಬ್ಬರ್ ಬುಷ್ ಹಾಕುವುದು ಇದಾದ ಮೇಲೆ, ಅದೂ ಅಟ್ಟದಿಂದ ಇಳಿಸಿ ಹತ್ತು ದಿನ ಮನೆಯೊಳಗೆ ಇಟ್ಟು. ಈಗ ಹಳ್ಳದಲ್ಲಿ 30 ಪೇರಲೆ ಕೋಲು ಬಿದ್ದಿವೆ. ಪೇರಲೆ ಕಾಫಿಗಿಂತ ಹೆಚ್ಚು ತಿರುಚುತ್ತದೆ, ಅದಕ್ಕೆ ದಬ್ಬೆಗೆ ಆರು ಕಡೆ ಕಟ್ಟು ಹಾಕುವ ಅಂದಾಜಿದೆ. ಆಶ್ಲೇಷ ಮುಗಿದ ಮೇಲೆ ತೂಗಿ ನೋಡಬೇಕು.