ಎಫ್‌ಡಿ ಬಿಡಿಸಿಕೊಳ್ಳಲು ವಕೀಲರನ್ನು ಹಿಡಿಯುವ ಮುನ್ನ

ಮನೆಯ ಯಜಮಾನರು ತೀರಿಕೊಂಡಿದ್ದಾರೆ. ವಿಲ್ ಇಲ್ಲ, ಎಫ್‌ಡಿಗೆ ನಾಮಿನಿಯೂ ಇಲ್ಲ. ಬ್ಯಾಂಕಿನವರು ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಎನ್ನುತ್ತಾರೆ. ಅಂದರೆ ತೀರಿಕೊಂಡವರ ಹಣ ಪಡೆಯುವ ಹಕ್ಕು ಯಾರಿಗಿದೆ ಎಂದು ಕೋರ್ಟು ಕೊಡುವ ಪತ್ರ. ಆ ದುಃಖದಲ್ಲಿ ಎಷ್ಟೋ ಜನ ವಕೀಲರು ತೋರಿಸಿದ ಕಡೆಯೆಲ್ಲ ಸುಮ್ನೆ ಸಹಿ ಹಾಕಿ ಬರುತ್ತಾರೆ. ಹಾಗೆ ಮಾಡಬೇಡಿ.

ಮೊದಲು ಮ್ಯಾನೇಜರನ್ನೇ ಕೇಳಿ. ಒಂದು ಮಿತಿಯೊಳಗಿನ ಹಣವನ್ನು ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ನಾವೇ ತುಂಬುತ್ತೇವೆ ಎಂಬ ಮುಚ್ಚಳಿಕೆ) ಬರೆಸಿಕೊಂಡು ಬ್ಯಾಂಕೇ ಕೊಡುತ್ತದೆ. ಆಗ ಕೋರ್ಟೇ ಬೇಡ. ಇನ್ನೊಂದು ಮಾತು: ಈ ಸರ್ಟಿಫಿಕೇಟ್ ಠೇವಣಿ, ಷೇರು, ಬಾಂಡ್ ಇಂಥವಕ್ಕೆ ಮಾತ್ರ. ಹೊಲಕ್ಕೆ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ, ದಾರಿಯೇ ಬೇರೆ.

ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಎಲ್ಲರ ಆಧಾರ್ ಜೆರಾಕ್ಸ್ ಒಂದೇ ಫೈಲಿನಲ್ಲಿರಲಿ.

ಕೋರ್ಟಿಗೆ ಹೋಗಲೇಬೇಕಾದರೆ ಫೀಸಿನ ಮಾತು ಮೊದಲ ದಿನವೇ ಮುಗಿಯಲಿ. ವಕೀಲರ ಫೀಸು, ಕೋರ್ಟ್ ಶುಲ್ಕ, ಪೇಪರ್ ನೋಟಿಸಿನ ಖರ್ಚು ಬೇರೆ ಬೇರೆ ಬರೆಸಿಕೊಳ್ಳಿ. ‘ಬಂದ ಹಣದಲ್ಲಿ ಶೇ 10 ಕೊಡಿ’ ಎಂದರೆ ಎದ್ದು ಬನ್ನಿ. ಹಾಗೆ ಪಾಲು ಕೇಳುವುದು ವಕೀಲರ ನಡತೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ ನಿಯಮಕ್ಕೇ ವಿರುದ್ಧ.

ಜನ ಎಡವುವುದು ಅರ್ಜಿಯ ಕರಡಿನಲ್ಲಿ. ನಮ್ಮ ಚಿಕ್ಕಪ್ಪನ ಕೇಸಿನಲ್ಲಿ ಎಂಟು ತಿಂಗಳು ಅಲೆದು ಸರ್ಟಿಫಿಕೇಟ್ ತಂದೆವು. ಒಂದು ಎಫ್‌ಡಿ ನಂಬರಿನಲ್ಲಿ 6 ಇರಬೇಕಾದ ಕಡೆ 8 ಟೈಪ್ ಆಗಿತ್ತು. ಬ್ಯಾಂಕಿನವರು ವಾಪಸ್ ಕಳಿಸಿದರು. ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ತಾರೀಖು. ಚಿಕ್ಕಮ್ಮ ಕೋರ್ಟಿನ ಬೆಂಚಿನ ಮೇಲೆ ಕೂತು ಅತ್ತದ್ದು ನನಗೆ ಇನ್ನೂ ಮರೆತಿಲ್ಲ.

ಅದಕ್ಕೇ ಕರಡನ್ನು ಮನೆಗೆ ತನ್ನಿ. ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಎಫ್‌ಡಿ ರಸೀದಿಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ನೋಡಲಿ. ಹೆಸರಿನ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಬರಬೇಕು. ಎಲ್ಲ ಖಾತೆಗಳ ವಿವರವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಟೈಪಿಂಗ್ ಅಂಗಡಿಯ ರೆಡಿಮೇಡ್ ಅರ್ಜಿ ಮಾತ್ರ ಬೇಡವೇ ಬೇಡ. ಬೇರೆ ಯಾರದೋ ಊರು, ಹೆಸರು ಅದರಲ್ಲೇ ಉಳಿದಿರುತ್ತದೆ.

ವಾರಸುದಾರರ ಪಟ್ಟಿಯನ್ನೂ ಎಣಿಸಿ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ ಮಕ್ಕಳ ಜೊತೆ ತೀರಿಕೊಂಡವರ ತಾಯಿಗೂ ಸಮಪಾಲು ಇದೆ. ಅಜ್ಜಿಯನ್ನು ಮರೆಯುವವರೇ ಜಾಸ್ತಿ. ‘ಮದುವೆಯಾಗಿ ಹೋದ ಅಕ್ಕ ಹೇಗೂ ಕೇಳೋದಿಲ್ಲ’ ಅಂತ ಅವರ ಹೆಸರು ಬಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಕೋರ್ಟು ಸರ್ಟಿಫಿಕೇಟನ್ನೇ ರದ್ದು ಮಾಡಬಹುದು.

ಕೇಸು ದಾಖಲಾದ ಮೇಲೆ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖು ನೀವೇ ನೋಡಬಹುದು. ಸಾಕ್ಷ್ಯದ ದಿನ ಅಸಲು ಕಾಗದ ಹಿಡಿದು ಹೋಗಿ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಕೋರ್ಟಿನ ಮೆಟ್ಟಿಲು ಇಳಿಯುವ ಮೊದಲೇ ಆ ನಂಬರುಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.