ಒಂದು ಹಲ್ಲು ಕಮ್ಮಿ ಮಾಡುವ ಮುಂಚೆ

ಬೈಕಿನ ಪಿಕಪ್ ಸಾಲದು ಅನ್ನಿಸಿದ ಕೂಡಲೇ ನಮ್ಮ ಹುಡುಗರು ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಓಡಿಸುವ ಹಲ್ಲಿನ ಚಕ್ರ, ಬಿಚ್ಚಿಸಿ ಕಮ್ಮಿ ಹಲ್ಲಿನದು ಹಾಕಿಸುತ್ತಾರೆ. ನಾನೂ ಹಾಗೇ ಮಾಡಿ ಸೋತವನು.

ಮೊದಲು ಲೆಕ್ಕ. ಡ್ರ್ಯಾಗ್ ಓಟ ಅಂದರೆ ನಿಂತಲ್ಲಿಂದ ನೇರ ದಾರಿಯಲ್ಲಿ ಕಾಲು ಮೈಲಿ, 402 ಮೀಟರ್. 2017ರ ಕೆಟಿಎಂ 390 ಡ್ಯೂಕ್ ತಗೊಳ್ಳಿ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 37 ನ್ಯೂಟನ್ ಮೀಟರ್. ಚಕ್ರ ತಲುಪುವಷ್ಟರಲ್ಲಿ ಗೇರ್‌ಗಳು ಅದನ್ನು ಗುಣಿಸುತ್ತವೆ. ಕೊನೇ ಗುಣಾಕಾರ ಚೈನಿನದು. ಮುಂದೆ 15 ಹಲ್ಲು, ಹಿಂದೆ 45, ಮೂರು ಪಟ್ಟು. ಮುಂದೆ 14 ಹಾಕಿದರೆ 3.21 ಪಟ್ಟು, ಎಳೆತ ಶೇ 7ರಷ್ಟು ಜಾಸ್ತಿ. ಆದರೆ ಅದೇ ಗೇರ್‌ನಲ್ಲಿ ಮುಟ್ಟುವ ವೇಗವೂ ಸುಮಾರು ಅಷ್ಟೇ ಇಳಿಯುತ್ತದೆ.

ಹಾಗಾಗಿ ಏನನ್ನೂ ಬಿಚ್ಚದೆ ಒಮ್ಮೆ ಓಡಿಸಿ. ಮುಚ್ಚಿದ ಟ್ರ್ಯಾಕ್‌ನಲ್ಲಿ, ರಸ್ತೆಯಲ್ಲಿ ಖಂಡಿತ ಬೇಡ. ಕೊನೆಯ ಗೆರೆ ದಾಟುವಾಗ ಯಾವ ಗೇರ್, ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಅನ್ನುವುದು ಗೊತ್ತಾಗಬೇಕು. ಮೀಟರ್ ಕಡೆ ಪುಟ್ಟ ಕ್ಯಾಮೆರಾ ಕಟ್ಟಿ, ಓಡಿಸುತ್ತಾ ಕಣ್ಣು ಹಾಕಬೇಡಿ. ಎಲ್ಲರೂ ಎಡವುವುದು ಇಲ್ಲೇ. ಗೆರೆ ಹತ್ತಿರವೂ ಆರ್‌ಪಿಎಂ ಇನ್ನೂ ಏರಲು ಜಾಗ ಇದ್ದರೆ ಹಲ್ಲು ಕಮ್ಮಿ ಮಾಡಿ. ಆಗಲೇ ಮೀಟರಿನ ಕೆಂಪು ಗುರುತಿನ ಅಂಚಿನಲ್ಲಿದ್ದರೆ ಮುಟ್ಟಲೇಬೇಡಿ.

ನಾನು ಸೀದಾ 13 ಹಾಕಿಸಿದ್ದೆ. ಹೊರಡುವಾಗಲೇ ಮುಂಚಕ್ರ ಎದ್ದಿತು, ಹೆದರಿ ಆಕ್ಸಿಲರೇಟರ್ ಬಿಟ್ಟೆ. ಗೆರೆ ಕಣ್ಣೆದುರೇ ಇದೆ, ಎಂಜಿನ್ ಲಿಮಿಟರ್‌ಗೆ (ಸುತ್ತು ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಬಡಿದು ತಡವರಿಸತೊಡಗಿತು. ಇನ್ನೊಂದು ಗೇರ್ ಹಾಕಲೇಬೇಕಾಯಿತು. ಕ್ಲಚ್ ಹಿಡಿದಷ್ಟು ಹೊತ್ತು ಚಕ್ರಕ್ಕೆ ಎಳೆತವೇ ಇಲ್ಲ, ಅಲ್ವಾ? ಪಕ್ಕದವನ ಬೈಕ್‌ನಲ್ಲಿ ಕಂಪನಿಯ ಸ್ಪ್ರಾಕೆಟ್ಟೇ ಇತ್ತು, ಆರಾಮಾಗಿ ಮುಂದೆ ಹೋದ. ನನ್ನದು ಅಗ್ಗದ ಮಾಲು ಬೇರೆ. ಎರಡೇ ತಿಂಗಳಲ್ಲಿ ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದವು.

ಹೊರಡುವಾಗ ಮೈಯನ್ನು ಮುಂದಕ್ಕೆ ಬಾಗಿಸಿ, ಕ್ಲಚ್ ಮೆಲ್ಲಗೆ ಬಿಡಿ.

ಗೇರ್ ಬದಲಿಸುವುದು ಯಾವಾಗ? ಟಾರ್ಕ್ ತುದಿ ಮುಟ್ಟುವ 7000 ಆರ್‌ಪಿಎಂನಲ್ಲೇ ಅನ್ನುವವರು ಟ್ರ್ಯಾಕಿಗೊಬ್ಬರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಒಂದರಿಂದ ಎರಡಕ್ಕೆ ಹೋದರೆ ಗುಣಾಕಾರ ಶೇ 30ರಷ್ಟು ಬೀಳುತ್ತದೆ. 7000 ದಾಟಿದ ಮೇಲೆ ಟಾರ್ಕ್ ಸ್ವಲ್ಪ ಇಳಿದರೂ ಚಕ್ರಕ್ಕೆ ಒಂದನೇ ಗೇರ್‌ನಿಂದಲೇ ಜಾಸ್ತಿ ಸಿಗುತ್ತಿರುತ್ತದೆ. 9000 ದಾಟಿಸಿ, ಆಮೇಲೆ ಹಾಕಿ.

ಸ್ಪ್ರಾಕೆಟ್ ಕೂರಿಸುವುದು ಮೆಕ್ಯಾನಿಕ್‌ಗೆ ಸಣ್ಣ ಕೆಲಸ. ಮುಂದಿನದನ್ನು 15 ಹಲ್ಲಿಗೇ ಬಿಟ್ಟು ಹಿಂದೆ 48 ಹಲ್ಲಿನದು ಹಾಕಿದರೂ ಎಳೆತ ಹೆಚ್ಚುಕಮ್ಮಿ ಮುಂದೆ 14 ಹಾಕಿದಷ್ಟೇ, ಆದರೆ ಇರುವ ಚೈನ್ ಸಾಲದೇ ಹೋಗಬಹುದು. ಸುಮ್ನೆ ಯಾಕೆ? ಮುಂದಿನದನ್ನೇ ಬದಲಿಸಿ, ಚೈನ್ ಬಿಗಿತ ಮಾತ್ರ ಮತ್ತೆ ನೋಡಿಸಿ.